ಕತ್ತರಿಗೆ ಸಿಗದ ಹಚ್ಚೆ

2012ರ ಫೆಬ್ರವರಿಯಲ್ಲಿ ಡೇವಿಡ್ ಫಿಂಚರ್ ನಿರ್ದೇಶನದ ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’ ನಮ್ಮ ಥಿಯೇಟರುಗಳಿಗೆ ಬರಬೇಕಿತ್ತು. ಬರಲಿಲ್ಲ. ಕೆಲವು ದೃಶ್ಯಗಳನ್ನು ತೆಗೆಯಿರಿ ಎಂದಿತು ಸೆನ್ಸಾರ್ ಮಂಡಳಿ, ನಿರ್ದೇಶಕರು ಒಪ್ಪಲಿಲ್ಲ. ಹಚ್ಚೆಯ ಹುಡುಗಿ ಭಾರತದ ಗಡಿಯಾಚೆಯೇ ಉಳಿದಳು.

ಬಂದಿದ್ದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಬ್ಬವೇ. ಬ್ರಿಗೇಡ್ ರಸ್ತೆಯ ರೆಕ್ಸ್, ಎಂ.ಜಿ. ರಸ್ತೆಯ ಪ್ಲಾಜಾ, ಹಲಸೂರಿನ ಲಿಡೊ ಇಂಗ್ಲಿಷ್ ಚಿತ್ರಗಳ ತವರಾಗಿದ್ದ ಕಾಲದಲ್ಲಿ ‘ಎ’ ಪಿಕ್ಚರಿಗೆ ಮಲ್ಲೇಶ್ವರದ ಗೃಹಸ್ಥರು ಇಲ್ಲಿಗೇ ಬರುವುದು. ಗುರುತಿನವರು ಸಿಗುವುದಿಲ್ಲವೆಂಬ ಧೈರ್ಯ! ಇಂಟರ್‌ವಲ್‌ನಲ್ಲಿ ದೀಪ ಹತ್ತಿದರೆ ಹಿಂದಿನ ಸಾಲಿನಲ್ಲೇ ಬೀಗರು, ಕೈಯಲ್ಲಿ ಸಮೋಸ.

“ಏನ್ ರಾಯರೇ, ಈ ಕಡೆ?”

“ಛಾಯಾಗ್ರಹಣ ಚೆನ್ನಾಗಿದೆಯಂತೆ, ಬೀಗರೇ.”

“ಹೌದೌದು. ನಾನೂ ಅದಕ್ಕೇ ಬಂದೆ.”

ಪ್ಲಾಜಾ ಇದ್ದಲ್ಲಿ ಈಗ ಮೆಟ್ರೊ ನಿಲ್ದಾಣ, ಲಿಡೊ ಇದ್ದಲ್ಲಿ ಮಾಲ್. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು.

ಇಂಥ ಚಿತ್ರಗಳೆಲ್ಲ ಈಗ ನಮ್ಮ ಮನೆಯ ಹಾಲ್‌ಗಳಲ್ಲೇ ಓಡುತ್ತವೆ. ಮೀಸೆ ನೋಡಿ ವಯಸ್ಸು ಅಳೆಯುವ ಗೇಟ್‌ಕೀಪರ್ ಇಲ್ಲ, ಕತ್ತರಿಯೂ ಇಲ್ಲ. ಆದರೆ ಸರಿಯಾಗಿ ‘ಆ’ ದೃಶ್ಯಕ್ಕೇ ಅತ್ತೆಯವರು ಕಾಫಿ ಲೋಟ ಹಿಡಿದು ಬರುತ್ತಾರೆ. ರಿಮೋಟ್ ಮಾತ್ರ ಸೋಫಾ ಸಂದಿಯಲ್ಲಿ ಬಿದ್ದಿರುತ್ತದೆ.