ಗೇಟು ಕಾಯೋನಿಗೆ ಬಡ್ತಿ ಇಲ್ಲ

ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆ. ಬಾಳೆಕಾಯಿ ವ್ಯಾಪಾರಿಯೊಬ್ಬರು ಇಸಿಜಿಗೆ ಅಂಗಿ ಬಿಚ್ಚಿ ಮಲಗಿದ್ದಾರೆ. ಎದೆ ಮೇಲೆ ಆರು ಬಿಲ್ಲೆ, ಕೈಕಾಲಿಗೆ ನಾಲ್ಕು ಕ್ಲಿಪ್ಪು. ಅವರ ಹೃದಯದ ಎ.ವಿ. ನೋಡ್ ಕೆಲಸ ಮಾಡುತ್ತಲೇ ಮಾತಿಗೆ ಒಪ್ಪಿತು.

ತಮ್ಮ ಹುದ್ದೆ?

ಗೇಟು ಕಾಯೋದು, ಬುದ್ಧಿ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲ ಹೃತ್ಕರ್ಣದ ಮೇಲ್ಮೂಲೇಲಿ ಎಸ್.ಎ. ನೋಡ್ ಸಾಹೇಬ್ರು ಕುಂತವ್ರೆ. ನಿಮಿಷಕ್ಕೆ 60ರಿಂದ 100 ಸಲ ಕರೆಂಟು ಬಿಡ್ತಾರೆ. ಅದು ಕೆಳಕ್ಕಿಳಿಯೋಕೆ ನನ್ನ ಗೇಟೊಂದೇ ದಾರಿ. ಮಿಕ್ಕ ಕಡೆಯೆಲ್ಲ ನಾರಿನ ಬೇಲಿ.

ಬಂಡೀಪುರದ ಗೇಟಿನ ಹಾಗೆ ನೀವೂ ತಡೆಯುತ್ತೀರಂತೆ?

ಅಲ್ಲಿ 2009ರಿಂದ ರಾತ್ರಿ 9ಕ್ಕೆ ಹಾಕಿದ್ರೆ ಬೆಳಿಗ್ಗೆ 6ಕ್ಕೇ ತೆಗೆಯೋದು. ಅದಕ್ಕೆ ಸುಪ್ರೀಂ ಕೋರ್ಟಿನ ತನಕ ಜಗಳ. ನಾನು ತಡೆಯೋದು ಸೆಕೆಂಡಿನ ಹತ್ತರಲ್ಲೊಂದು ಪಾಲು, ಅದೂ ದಿನಕ್ಕೆ ಸುಮಾರು ಲಕ್ಷ ಸಲ. ಒಬ್ರೂ ಕೇಸ್ ಹಾಕಿಲ್ಲ! ಅಷ್ಟರಲ್ಲಿ ಮೇಲಿನ ಕೋಣೆಗಳು ಉಳಿದ ರಕ್ತಾನ ಕೆಳಕ್ಕೆ ತಳ್ಳಿರ್ತವೆ. ಆಮೇಲೆ ಹಿಸ್ ಕಂತೆ, ಪರ್ಕಿಂಜೆ ನಾರುಗಳ ಮೂಲಕ ಕರೆಂಟು ಓಡಿ, ಹೃತ್ಕುಕ್ಷಿಗಳೆರಡೂ ಒಟ್ಟಿಗೇ ಹಿಂಡ್ತವೆ. ಎಡಗಡೇದು ಮೈಗೆಲ್ಲ ಕಳಿಸ್ಬೇಕಲ್ಲ, ಅದರ ಗೋಡೆ ದಪ್ಪ.

ಸಾಹೇಬರು ಸುಮ್ಮನಾಗಿಬಿಟ್ಟರೆ?

ನಾನೇ ಇನ್‌ಚಾರ್ಜ್. 40ರಿಂದ 60ರ ಲೆಕ್ಕದಲ್ಲಿ ತಳ್ಕೊಂಡು ಹೋಗ್ತೀನಿ. ಚಾಮರಾಜನಗರಕ್ಕೆ ಕಾಲಿಟ್ರೆ ಕುರ್ಚಿ ಹೋಗ್ತದೆ ಅಂತ ಕೆಲವು ಮುಖ್ಯಮಂತ್ರಿಗಳು ಈ ಕಡೆ ತಲೆಯೇ ಹಾಕಲಿಲ್ಲ. ನಮ್ಮಲ್ಲಿ ಕುರ್ಚಿ ಖಾಲಿಯಾದ್ರೂ ಆಡಳಿತ ನಿಲ್ಲಲ್ಲ.

ಬಡ್ತಿ ಕೇಳಲಿಲ್ಲವೇ?

ಜಪಾನಿನ ಸುನಾವೊ ತವಾರ ನನ್ನನ್ನ 1906ರಲ್ಲೇ ಪುಸ್ತಕಕ್ಕೇರಿಸಿದರು. ಸಾಹೇಬ್ರು ಕೀತ್, ಫ್ಲ್ಯಾಕ್ ಕಣ್ಣಿಗೆ ಬಿದ್ದಿದ್ದು 1907ರಲ್ಲಿ. ಸೀನಿಯಾರಿಟಿ ನಂದೇ, ಕುರ್ಚಿ ಅವರದು. ಯಾವ ಇಲಾಖೇಲಿ ಹೀಗಿಲ್ಲ ಹೇಳಿ?

ಹಾರ್ಟ್ ಅಟ್ಯಾಕ್ ಅಂದರೆ ನಿಮ್ಮ ಕರೆಂಟು ಹೋಗುವುದೇ?

ಎಲ್ರೂ ಎಡವೋದು ಇಲ್ಲೇ. ಹೃದಯಕ್ಕೇ ರಕ್ತ ಕೊಡೋ ಕರೋನರಿ ಕೊಳವೆ ಕಟ್ಕೊಂಡ್ರೆ ಅಟ್ಯಾಕು. ಕರೆಂಟು ದಿಕ್ಕೆಟ್ಟು ಬಡಿತವೇ ನಿಂತ್ರೆ ಕಾರ್ಡಿಯಾಕ್ ಅರೆಸ್ಟು. ಮೊದಲನೇದು ಎರಡನೇದಕ್ಕೆ ತಿರುಗಬಹುದು, ಎರಡೂ ಒಂದೇ ಅಲ್ಲ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿ, ಏನೂ ಆಗದೋರೂ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ರು. ನಮ್ಮ ಯಜಮಾನ್ರು ನೋಡಿ, ಬೆಳಿಗ್ಗೆಯಿಂದ ಎದೆ ಹಿಂಡಿ ಎಡಗೈ ಸೆಳೀತಿದ್ರೂ 'ಗ್ಯಾಸು' ಅಂತ ಸೋಡಾ ಕುಡಿದು, ಲಾರಿ ಲೋಡು ಮಾಡಿಸಿಯೇ ಬಂದವ್ರೆ.

(ಕಾಗದ ಹೊರಬಂತು. ಪಿ ಎಂಬ ಪುಟ್ಟ ದಿಬ್ಬ, ನಮ್ಮ ಗೇಟಿನವನ ಚೂರು ಸಪಾಟು ಗೆರೆ, ಕ್ಯೂಆರ್‌ಎಸ್‌ನ ಚೂಪು ಶಿಖರ. ಅದರಾಚೆ ಕೆಳಗಿಳಿಯಬೇಕಿದ್ದ ಎಸ್‌ಟಿ ಗೆರೆ ಮೇಲೇ ನಿಂತಿತ್ತು. ನರ್ಸು ಓಡಿದರು.)

ಈಗೇನು?

ಮಾತು ಸಾಕು, ಬುದ್ಧಿ. ಕೊಳವೆ ಕಟ್ಟಿದೆ. ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹೊರಗೆ ಸಾವಿರಾರು ರೂಪಾಯಿ. ಗಾಜನೂರು ಮನೆತನದ ಹುಡುಗ 2021ರಲ್ಲಿ ಹೋದ ಮೇಲೆ ಅವರ ಹೆಸರಲ್ಲೇ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ಅದು ಉಚಿತ, ತಾಲ್ಲೂಕು ಆಸ್ಪತ್ರೇಲೇ ಕೊಡ್ತಾರೆ. ಬೇಗ ಬಂದಷ್ಟೂ ಕೆಲಸ ಮಾಡ್ತದೆ. ಓದೋರಿಗೆ ಹೇಳಿಬಿಡಿ: ಎದೆ ಹಿಂಡಿದ್ರೆ ಸೋಡಾ ಬೇಡ, 108ಕ್ಕೆ ಫೋನ್ ಮಾಡಿ.