ರಾಯರನ್ನು ತಡೆಯುವವರಿಲ್ಲ

ಸಂಜೆ ಹೊತ್ತು ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕೊರಳಿಗೆ ಐಡಿ ಕಾರ್ಡು, ಮೈಮೇಲೆ ದಾನ ಕೇಳುವ ಸಂಸ್ಥೆಯ ಜಾಕೆಟ್ಟು, ಕೈಯಲ್ಲೊಂದು ಟ್ಯಾಬು ಹಿಡಿದು ನಿಂತ ಹುಡುಗ ಕಂಡನೋ, ಜನಕ್ಕೆ ನಾನಾ ಕೆಲಸ ನೆನಪಾಗುತ್ತದೆ. ಬಾರದ ಫೋನನ್ನು ಕಿವಿಗಿಟ್ಟು "ಹಾಂ ಹೇಳಿ, ಹೇಳಿ" ಎನ್ನುವವರು ಕೆಲವರು. ಮನೆಯಲ್ಲಿ ಮೂರು ಕುಕ್ಕರಿದ್ದರೂ ಎದುರಂಗಡಿಯ ಕುಕ್ಕರನ್ನು ಕಣ್ಣಿಟ್ಟು ನೋಡುವವರು ಇನ್ನು ಕೆಲವರು. ಹೀಗೆ ಚದುರಿದ ಗುಂಪಿನ ನಡುವೆ ಒಬ್ಬರು ಮಾತ್ರ ನಿಧಾನವಾಗಿ, ನೇರ ಆ ಹುಡುಗನ ಕಡೆಗೇ ನಡೆದು ಬರುತ್ತಿದ್ದಾರೆಂದರೆ ಅವರು ರಾಯರು. ಬ್ಯಾಂಕಿನಿಂದ ರಿಟೈರಾದವರು.

ಇಂಥ ರಾಯರು ಬೆಂಗಳೂರಿನ ಹಳೇ ಬಡಾವಣೆಗಳಲ್ಲೆಲ್ಲ ಒಬ್ಬೊಬ್ಬರಿದ್ದಾರೆ. ಮನೆಯಲ್ಲಿ ಮಗ ಲ್ಯಾಪ್‌ಟಾಪಿನ ಮುಂದೆ, ಸೊಸೆ ಮೀಟಿಂಗಿನಲ್ಲಿ. ಹೆಂಡತಿಗೆ ಇವರ ಮಾತೆಲ್ಲ ಎಂದೋ ಬಾಯಿಪಾಠವಾಗಿದೆ. ಪಾರ್ಕಿನ ಬೆಂಚಿನವರು ಇವರನ್ನು ಕಂಡೊಡನೆ ಇನ್ನೊಂದು ರೌಂಡ್ ವಾಕಿಂಗಿಗೆ ಏಳುತ್ತಾರೆ. ಇಡೀ ಊರಿನಲ್ಲಿ ತಾನಾಗಿ ಅಡ್ಡ ಬಂದು "ಸರ್, ಎರಡು ನಿಮಿಷ ಮಾತಾಡಬಹುದಾ?" ಎಂದು ಕೇಳುವವನು ಈ ಜಾಕೆಟ್ಟಿನವನು ಒಬ್ಬನೇ. ಅವನನ್ನು ಬಿಟ್ಟಾರೆಯೇ?

"ಊರು ಯಾವುದಪ್ಪ?" ರಾಯರ ಮೊದಲ ಪ್ರಶ್ನೆ.

ಹುಡುಗ ಲಿಂಗಸುಗೂರು ಅಂದ. ಕೆಟ್ಟ. ರಾಯರು ಆ ಕಡೆ ಮ್ಯಾನೇಜರಾಗಿದ್ದವರು. ಹಟ್ಟಿ ಗಣಿಯ ಸಂಬಳದ ದಿನ ಕೌಂಟರಿನಲ್ಲಿ ನಿಲ್ಲುತ್ತಿದ್ದ ಸಾಲು, ಕ್ಯಾಷಿಯರಿಗೆ ಆಗಿಂದಾಗ ಬರುತ್ತಿದ್ದ ಚಳಿಜ್ವರ, ಎಲ್ಲ ಬಂತು. ಹುಡುಗ ಟ್ಯಾಬು ತೆಗೆದು ಬಡಕಲು ಮಕ್ಕಳ ಫೋಟೊ ತೋರಿಸಿದರೆ, "ಕನ್ನಡಕ ತಂದಿಲ್ಲ, ನೀನೇ ಓದಿ ಹೇಳು" ಎಂದರು. ಆ ಬದಿ ಎಳನೀರು ಗಾಡಿಯ ಪಕ್ಕ ನಿಂತ ಟೀಮ್ ಲೀಡರು ಗಡಿಯಾರ ನೋಡಿಕೊಂಡ. ಹುಡುಗನ ಸಂಬಳ ಕೊಡುವವರು ಏಜೆನ್ಸಿಯವರು. ಕೇಳಿದ ಕಥೆಗಳನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ತುಂಬಿಸಿದ ಫಾರಂ ಎಷ್ಟು ಎನ್ನುತ್ತಾರೆ.

"ತಿಂಗಳಿಗೆ ಎಂಟ್ನೂರು ಅಷ್ಟೇರಿ ಸರ್. ಅಕೌಂಟಿನಿಂದ ತಾನಾ ಹೋಗ್ತದ."

'ತಾನಾ' ಅಂದದ್ದೇ ತಡ, ರಾಯರು ಅರಳಿದರು. ಹೀಗೆ ದುಡ್ಡು ಕಡಿಯುವ ವ್ಯವಸ್ಥೆಯಲ್ಲಿ ಇಸಿಎಸ್ ಹೋಗಿ ನಾಚ್ ಬಂದದ್ದು, ಮ್ಯಾಂಡೇಟಿನಲ್ಲಿ ಸಹಿ ತಾಳೆಯಾಗದಿದ್ದರೆ ಏನು ಗತಿ, ಖಾತೆಯಲ್ಲಿ ದುಡ್ಡಿಲ್ಲದೆ ವಾಪಸಾದರೆ ದಂಡ ಯಾರ ತಲೆಗೆ, ಇವನ್ನೆಲ್ಲ ಬಿಡಿಸಿ ಹೇಳಿದರು. ಹುಡುಗ ಬೆವರೊರೆಸಿಕೊಂಡು ಕಡೆಯ ಬಾಣ ಬಿಟ್ಟ: "80ಜಿ ಅದ ಸರ್, ಟ್ಯಾಕ್ಸ್ ಉಳೀತದ."

"ಯಾವ ರೆಜೀಮಲ್ಲಪ್ಪ? ಹೊಸದರಲ್ಲಿ 80ಜಿ ಇಲ್ಲವೇ ಇಲ್ಲ. ಹಳೇದರಲ್ಲೂ ಕ್ಯಾಷು 2,000 ದಾಟಿದರೆ ಸೊನ್ನೆ. ಅದಿರಲಿ, ನಿಮ್ಮೋರು ದಾನದ ಸರ್ಟಿಫಿಕೇಟು, ಆ 10ಬಿಇ, ಟೈಮಿಗೆ ಕೊಡ್ತಾರೋ?"

ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಹುಡುಗ ತನ್ನ ಫೋನನ್ನು ಕಿವಿಗಿಟ್ಟು "ಹಾಂ ಸರ್, ಬಂದೆ ಸರ್" ಎನ್ನುತ್ತ ಎಳನೀರು ಗಾಡಿಯತ್ತ ಓಡಿದ. ಫೋನು ಬಂದಿರಲಿಲ್ಲ, ನಾನು ನೋಡಿದ್ದೇನೆ.

ಕ್ರೆಡಿಟ್ ಕಾರ್ಡಿನವರ ಹತ್ತಿರ ಮಾತ್ರ ರಾಯರ ಆಟ ನಡೆಯುವುದಿಲ್ಲ. "ಸ್ಯಾಲರಿ ಸ್ಲಿಪ್ ಇದೆಯಾ ಅಂಕಲ್?" ಎಂದು ಆ ಹುಡುಗಿ ಕೇಳಿ, ಪೆನ್ಷನ್ ಎಂಬ ಮಾತು ಕಿವಿಗೆ ಬೀಳುವಷ್ಟರಲ್ಲಿ ಹಿಂದೆ ಬರುತ್ತಿದ್ದವನಿಗೆ ಕೈ ಬೀಸಿರುತ್ತಾಳೆ. ಊರಿಗೆಲ್ಲ ಸಾಲ ಮಂಜೂರು ಮಾಡಿದ ಕೈಗೆ ಎಂಥ ಅವಮಾನ! ಅವತ್ತು ರಾಯರು ಮನೆಗೆ ಬಂದು ಕಾಫಿಗೆ ಸಕ್ಕರೆ ಕಮ್ಮಿ ಎನ್ನುತ್ತಾರೆ.

ಆದರೆ ರಾಯರು ಜುಗ್ಗರೆಂದು ತಿಳಿಯಬಾರದು. ತಿಂಗಳು ಕಳೆದ ಮೇಲೆ ಅದೇ ಹುಡುಗ ಸಿಕ್ಕ. ತಪ್ಪಿಸಿಕೊಳ್ಳಲು ಬಳೆ ಅಂಗಡಿಯೊಳಗೆ ನುಗ್ಗಿದ್ದವನನ್ನು ರಾಯರೇ ಪತ್ತೆ ಹಚ್ಚಿ ಹೊರಗೆ ಕರೆತಂದು ಬೆನ್ನು ತಟ್ಟಿದರು.

"ನೀನು ಅವತ್ತು ಹೇಳಿದ್ದು ಮನಸ್ಸಿಗೆ ನಾಟಿತು ಕಣಯ್ಯ. ಹತ್ತು ಸಾವಿರಕ್ಕೆ ಚೆಕ್ ಬರೆದೆ."

ಹುಡುಗನ ಮುಖ ಊರಗಲವಾಯಿತು. "ಫಾರಂ ಎಲ್ಲಿ ಸರ್?"

"ಫಾರಂ ಯಾಕೆ? ನಡುವೆ ನಿನಗ್ಯಾಕೆ ತೊಂದರೆ ಅಂತ ಸೀದಾ ನಿಮ್ಮ ಹೆಡ್ಡಾಫೀಸಿಗೇ ಸ್ಪೀಡ್ ಪೋಸ್ಟಲ್ಲಿ ಕಳಿಸಿದೆ." ಹುಡುಗ ಏನೂ ಹೇಳಲಾರದೆ ಟ್ಯಾಬು ಮಡಚಿಟ್ಟ. ರಾಯರು ಇನ್ನಷ್ಟು ಹತ್ತಿರ ಸರಿದರು. "ರಸೀದಿ ಇನ್ನೂ ಬಂದಿಲ್ಲ. ಅದನ್ನ ಸ್ವಲ್ಪ ವಿಚಾರಿಸಿ ಹೇಳ್ತೀಯಾ? ನಾನು ದಿನಾ ಇಲ್ಲೇ ಬರ್ತೀನಿ."