ಆತ್ಮೀಯರಿಗೆ, ಕೇಜಿ ಲೆಕ್ಕದಲ್ಲಿ

ನಮ್ಮ ಉತ್ತರ ಬೆಂಗಳೂರಿನಲ್ಲಿ ಸಾಹಿತಿಗಳಿಗೆ ಸಲ್ಲುವ ಗೌರವ ಚದರಡಿ ಲೆಕ್ಕದ್ದು. ಆರ್.ಟಿ. ನಗರದ ಆರ್.ಟಿ. ಅಂದರೆ ರವೀಂದ್ರನಾಥ ಟ್ಯಾಗೋರ್. ಅಲ್ಲಿ ಮನೆ ಮಾರುವವರಿಗಾಗಲಿ ಕೊಳ್ಳುವವರಿಗಾಗಲಿ ಇದರಿಂದ ಇದುವರೆಗೆ ತೊಂದರೆಯೇನೂ ಆದಂತಿಲ್ಲ. ನಮ್ಮ ಯಲಹಂಕದ ಕಡೆ ಬಿಡಿಎ 2008ರಲ್ಲಿ ಅಧಿಸೂಚನೆ ಹೊರಡಿಸಿದ ಬಡಾವಣೆಗೆ ಶಿವರಾಮ ಕಾರಂತರ ಹೆಸರು. ಈ ಕಡೆ ‘ಕಾರಂತ’ ಎಂದರೆ ಮೊದಲು ಸೈಟು, ಆಮೇಲೆ ಯಕ್ಷಗಾನ, ಕಾದಂಬರಿ ಇತ್ಯಾದಿ.

ಬೆಳಗಿನ ವಾಕಿಂಗಿನಲ್ಲಿ ಗೆಳೆಯರೊಬ್ಬರಿಗೆ ಹೆಮ್ಮೆಯಿಂದ, “ಕಾರಂತರದ್ದು ಒಂದು ಸಿಕ್ತು ಸಾರ್. ಹಳೇದು. ಅವರದೇ ಸಹಿ ಇದೆ” ಅಂದೆ. ಅವರು ನಡೆಯುವುದನ್ನೇ ನಿಲ್ಲಿಸಿದರು.

“ಥರ್ಟಿ ಫಾರ್ಟಿನಾ? ಕಾರ್ನರ್ರಾ?”

“ಕ್ರೌನ್ ಒಂದರ ಎಂಟು ಸಾರ್.”

“ಅಷ್ಟು ಚಿಕ್ಕದಾ!” ಎಂದು ನನ್ನ ಬಗ್ಗೆ ಮರುಕಪಟ್ಟು ಮುಂದೆ ನಡೆದರು.

ಅಳತೆಯ ಈ ಗುಟ್ಟೆಲ್ಲ ಇರುವುದು ಶೀರ್ಷಿಕೆ ಪುಟದ ಬೆನ್ನಿಗೆ. ಓದುಗರು ಆ ಪುಟ ನೋಡುವುದಿಲ್ಲ. ನನ್ನಂಥ ಹಳೇ ಪುಸ್ತಕದ ಗೀಳಿನವರು ಅದನ್ನು ಬಿಟ್ಟು ಬೇರೆ ಪುಟ ನೋಡುವುದಿಲ್ಲ. ಮೊದಲ ಮುದ್ರಣ ಯಾವಾಗ, ಬೆಲೆ ಎಷ್ಟು, ಕಾಗದ ಎಪ್ಪತ್ತು ಜಿಎಸ್‌ಎಂ ಮ್ಯಾಪ್‌ಲಿಥೊ, ಕೊನೆಗೆ ‘ಪ್ರತಿಗಳು: 1000’. ಎಂಥ ಪ್ರಾಮಾಣಿಕತೆ! ಇದೇ ಮಾತನ್ನು ಅಮೆರಿಕದವರು ಚಿನ್ನದ ಅಕ್ಷರದಲ್ಲಿ ಮುದ್ರಿಸಿ ಕಾಸು ಮಾಡುತ್ತಾರೆ. ನ್ಯೂಯಾರ್ಕಿನ ಜಾರ್ಜ್ ಮೇಸಿ ಎಂಬಾತ 1929ರಲ್ಲಿ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಎಂದೇ ಒಂದನ್ನು ಕಟ್ಟಿದ. ಒಂದು ಪುಸ್ತಕಕ್ಕೆ 1500 ಪ್ರತಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಸಹಿ. 1935ರಲ್ಲಿ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ತಂದಾಗ ಚಿತ್ರ ಬರೆದವನು ಸಾಕ್ಷಾತ್ ಮತೀಸ್. ಆ ಮಹಾಶಯ ಜಾಯ್ಸನ ಕಾದಂಬರಿ ಬಿಟ್ಟು ಹೋಮರನ ‘ಒಡಿಸ್ಸಿ’ಗೆ ಚಿತ್ರ ಬರೆದುಕೊಟ್ಟ. ಚಿತ್ರಕಾರ ಎಲ್ಲ ಪ್ರತಿಗಳಿಗೂ ಸಹಿ ಹಾಕಿದ, ಕಾದಂಬರಿಕಾರ ಹಾಕಿದ್ದು 250ಕ್ಕೆ ಮಾತ್ರ. ಇಬ್ಬರ ಸಹಿಯೂ ಇರುವ ಪ್ರತಿಯ ಬೆಲೆ ಕೇಳಿದರೆ ಕಾರಂತ ಬಡಾವಣೆಯ ಸೈಟೇ ಒಂದಿಷ್ಟು ವಾಸಿ ಅನ್ನಿಸಬಹುದು.

ನಮ್ಮಲ್ಲಿ ಇಂಥ ಕಟ್ಟುನಿಟ್ಟು ಬೇಕಿಲ್ಲ. ಅವರು ಹಟ ಹಿಡಿದು 1500ಕ್ಕೆ ನಿಲ್ಲಿಸಿದರು. ನಮ್ಮದು ಯಾರೂ ತಡೆಯದೆಯೇ ಸಾವಿರಕ್ಕೆ, ಈಚೆಗೆ ಐನೂರಕ್ಕೆ ನಿಲ್ಲುತ್ತದೆ. ಸೀಮಿತ ಆವೃತ್ತಿ ಸಂಗ್ರಹಿಸಬೇಕೆಂಬ ಆಸೆಯಿದ್ದವರು ಯಾವ ಕನ್ನಡ ಪುಸ್ತಕ ಕೊಂಡರೂ ಆಯಿತು.

ಸಹಿಯ ವಿಷಯದಲ್ಲಿ ನಾವು ಇನ್ನೂ ಉದಾರಿಗಳು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟುಕೊಂಡಿದ್ದರು. ಬರೆದವನೇ ಮಾರುವ ಇಂಥ ಪರಂಪರೆಯಲ್ಲಿ ಸಹಿಯೆನ್ನುವುದು ರಸೀದಿಯ ಜೊತೆಗೆ ಬರುವ ಸಾಮಾನು. ಈಗಂತೂ ಬಿಡುಗಡೆ ಸಮಾರಂಭದಲ್ಲಿ ಉಪ್ಪಿಟ್ಟು ತಿಂದು ಕೈ ತೊಳೆಯುವುದರೊಳಗೆ ಲೇಖಕರು ಪೆನ್ನು ತೆಗೆದಿರುತ್ತಾರೆ. ಹೀಗಾಗಿ ಕನ್ನಡದಲ್ಲಿ ಅಪರೂಪವೆಂದರೆ ಸಹಿ ಇಲ್ಲದ ಪ್ರತಿಯೇ. ಯಾರೋ ದುಡ್ಡು ಕೊಟ್ಟು ಅಂಗಡಿಯಲ್ಲಿ ಕೊಂಡದ್ದಕ್ಕೆ ಅದು ಸಾಕ್ಷಿ.

ಹಳೇ ಪುಸ್ತಕ ಬೇಕೆಂದರೆ ನಾವು ಹೆಬ್ಬಾಳದ ಫ್ಲೈಓವರ್ ದಾಟಬೇಕು. ದಾಟುವಷ್ಟರಲ್ಲಿ ಹೊಸ ಪುಸ್ತಕವೂ ಹಳೆಯದಾಗಿರುತ್ತದೆ, ಆ ಮಾತು ಬೇರೆ. ಕೆ.ಬಿ.ಕೆ. ರಾವ್ 1945ರಲ್ಲಿ ಶುರು ಮಾಡಿದ, ಈಗ ಬ್ರಿಗೇಡ್ ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಸೆಲೆಕ್ಟ್, ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್, ಗೈಡುಗಳ ರಾಶಿಯ ನಡುವೆ ಅದೃಷ್ಟ ಪರೀಕ್ಷೆಗೆ ಅವೆನ್ಯೂ ರಸ್ತೆ. ಆದರೆ ಅಲ್ಲಿನವರಿಗೆಲ್ಲ ಪುಸ್ತಕದ ಬೆಲೆ ಗೊತ್ತು, ಗೊತ್ತಿದ್ದವರ ಹತ್ತಿರ ಕೊಳ್ಳುವುದರಲ್ಲಿ ಸಾಹಸವೇನು ಬಂತು? ನನ್ನ ಕ್ಷೇತ್ರ ಯಶವಂತಪುರದ ಒಂದು ಗುಜರಿ ಅಂಗಡಿ. ಅಲ್ಲಿ ಕಾವ್ಯಕ್ಕೂ ಕಂಪ್ಯೂಟರ್ ಸೈನ್ಸಿಗೂ ಒಂದೇ ತಕ್ಕಡಿ.

ಕೆಲವು ಕಾಲ ಸುಖವಾಗಿತ್ತು. ಕಿಟೆಲ್ ಸಾಹೇಬರ 1894ರ ಅರ್ಥಕೋಶ ಮಾತ್ರ ಕೇಜಿ ಲೆಕ್ಕದಲ್ಲಿ ಸಿಕ್ಕರೂ ಅದರ ತೂಕಕ್ಕೆ ದುಬಾರಿಯಾದೀತೆಂಬುದೊಂದೇ ನನ್ನ ಅಳುಕು. ಅದೇನೂ ಸಿಗಲಿಲ್ಲ. ಆದರೆ ನಾನು ಪ್ರತಿ ಪುಸ್ತಕದ ಮೊದಲ ಹಾಳೆ ತೆರೆದು, ಕನ್ನಡಕ ಏರಿಸಿ, ತುಟಿ ಬಿಗಿಹಿಡಿಯುವುದನ್ನು ಅಂಗಡಿಯವನು ನೋಡುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟ:

“ಏನ್ ಸಾರ್ ಹುಡುಕ್ತೀರಾ, ದುಡ್ ಗಿಡ್ ಇಟ್ಟಿದ್ರಾ?”

“ಇಲ್ಲಪ್ಪ, ಸೈನ್ ಇದೆಯಾ ಅಂತ.”

“ಪೆನ್ನಲ್ಲಿ ಬರೆದಿದ್ರೆ ರೇಟ್ ಜಾಸ್ತಿನಾ ಸಾರ್?”

ಇಲ್ಲವೆಂದು ತಲೆಯಾಡಿಸಿದೆ. ಅವನು ನಂಬಲಿಲ್ಲ, ವ್ಯಾಪಾರಿ. ಮುಂದಿನ ಸಲ ಹೋದಾಗ ‘ಸಾರ್‌ಗೆ’ ಎಂದು ಒಂದು ಮೂಟೆ ಬೇರೆ ಇಟ್ಟಿದ್ದ. ಹತ್ತನೇ ತರಗತಿಯ ಗಣಿತದ ಗೈಡು, ಕಾರಣ ಅದರ ಮೇಲೆ ಒಬ್ಬ ಹುಡುಗಿಯ ಹೆಸರೂ ಅದರ ಸುತ್ತ ಬೇರೊಬ್ಬನು ಬರೆದ ಹೃದಯವೂ ಇದ್ದವು. ಹಾಲಿನವನ ಲೆಕ್ಕ ಬರೆದ ಪಂಚಾಂಗ. ‘ಇದನ್ನು ಕದ್ದವನ ಕೈ ಸೇದಿಹೋಗಲಿ’ ಎಂಬ ಶಾಪಸಹಿತ ವ್ಯಾಕರಣ. “ಎಲ್ಲಾ ಪೆನ್ನಲ್ಲೇ ಇದೆ ಸಾರ್, ಡಬಲ್ ರೇಟು” ಎಂದ. ನಾನು ಅವನ ಮಾರುಕಟ್ಟೆಯನ್ನು ಹೀಗೆ ಕೆಡಿಸಿದೆನೆಂದು ಹೇಳಲಾರೆ. ನ್ಯೂಯಾರ್ಕಿನಲ್ಲೂ ಇದೇ ನಡೆಯುವುದು, ಮೂಟೆ ಮಾತ್ರ ಇರುವುದಿಲ್ಲ.

ಆ ಮೂಟೆಯ ತಳದಲ್ಲಿತ್ತು ಒಂದು ಕವನ ಸಂಕಲನ. ಕವಿಯ ಹೆಸರು ಬೇಡ, ಈಗಲೂ ಕಾರ್ಯಕ್ರಮಗಳಲ್ಲಿ ಸಿಗುತ್ತಾರೆ. ಒಳಗೆ ದುಂಡನೆಯ ಅಕ್ಷರ: ‘ಆತ್ಮೀಯರಾದ ಇಂಥವರಿಗೆ, ಓದಿ ನಿಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ.’ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಗೇ ಇದ್ದವು. ಅಮೂಲ್ಯ ಅಭಿಪ್ರಾಯವನ್ನು ತಕ್ಕಡಿ ತಿಳಿಸಿತ್ತು.

ಅಂದಿನಿಂದ ನನ್ನ ಅಭಿರುಚಿಯೇ ಬದಲಾಯಿತು. ಬರೆದವರ ಸಹಿಗಿಂತ ಮೇಲಿನ ಸಾಲಿನ ‘ಇವರಿಗೆ’ ನನಗೆ ಹೆಚ್ಚು. ಬರೆದವನು ಒಬ್ಬನೇ, ಪಡೆದವರು ಸಾವಿರ ಮಂದಿ, ಒಬ್ಬೊಬ್ಬರದೂ ಒಂದೊಂದು ಕಥೆ. ಮಗಳ ಮದುವೆಗೆ ಪುಸ್ತಕ ಕೊಟ್ಟ ಸೋದರಮಾವ, ನಿವೃತ್ತಿಯ ದಿನ ಹಾರದ ಜೊತೆ ಕಾದಂಬರಿ ಕೊಟ್ಟ ಸಹೋದ್ಯೋಗಿಗಳು, ಭಾಷಣ ಸ್ಪರ್ಧೆಯ ಎರಡನೇ ಬಹುಮಾನ. ಗ್ರಂಥಾಲಯದ ಮೊಹರು ಬಿದ್ದದ್ದನ್ನು ಮಾತ್ರ ಮುಟ್ಟುವುದಿಲ್ಲ. ಅದು ಯಾರಿಂದಲೂ ಯಾರಿಗೂ ಉಡುಗೊರೆಯಾಗಿ ಹೋಗಿರುವುದಿಲ್ಲ, ಹಾಗೇ ಹೋಗಿರುತ್ತದೆ.

ಮನೆಯಲ್ಲಿ ನುಸಿಗುಳಿಗೆಯ ವಾಸನೆ ಹೆಚ್ಚಿದಾಗ ನಾನು ಪಾಂಡವಪುರದ ಹರಳಹಳ್ಳಿಯ ಅಂಕೇಗೌಡರನ್ನು ನೆನೆಸುತ್ತೇನೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದದ್ದನ್ನು ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಕೂಡಿಹಾಕಿದವರು, ಪುಸ್ತಕಗಳ ನಡುವೆಯೇ ಸಂಸಾರ ಹೂಡಿದವರು. ಇದನ್ನು ಹೆಂಡತಿಗೆ ಓದಿ ಹೇಳಿದೆ.

“ರೀ, ಅವರ ಮನೆಯವರಿಗೆ ನನ್ನ ನಮಸ್ಕಾರ ಹೇಳಿ ಬನ್ನಿ,” ಎಂದಳು. “ಜಾಗ ಅಳೆದುಕೊಂಡು ಮಾತ್ರ ಬರಬೇಡಿ.”

ಓದುಗರಲ್ಲಿ ನನ್ನದೊಂದು ಕೋರಿಕೆ. ಪುಸ್ತಕ ಗುಜರಿಗೆ ಹಾಕುವುದು ಪಾಪವೇನಲ್ಲ, ಧಾರಾಳವಾಗಿ ಹಾಕಿ. ಆದರೆ ಲೇಖಕರಿಗೆ ಗೊತ್ತಾದೀತೆಂದು ಹೆದರಿ ನಿಮ್ಮ ಹೆಸರಿದ್ದ ಹಾಳೆಯನ್ನು ಹರಿಯುತ್ತೀರಲ್ಲ, ಅದನ್ನು ಮಾಡಬೇಡಿ. ಎಷ್ಟೋ ಸಲ ಆ ಹಾಳೆಯ ಬೆನ್ನಿಗೇ ಮುದ್ರಣದ ವರ್ಷವೂ ಪ್ರತಿಗಳ ಲೆಕ್ಕವೂ ಇರುತ್ತವೆ. ನಾಚಿಕೆಯಾದರೆ ಹೆಸರಿನ ಮೇಲೊಂದು ಚೀಟಿ ಅಂಟಿಸಿ ಕೊಡಿ. ಗೋಂದು ತೆಳ್ಳಗಿರಲಿ.